ಒಂದೇ ಗಣಕದಲ್ಲಿ ಎರಡು ಪೈಥಾನ್

ನಮ್ಮ ಸಂಘದ ಸದಸ್ಯರ ಹೆಸರುಪಟ್ಟಿಯನ್ನು ಅಚ್ಚಿಗೆ ಅಣಿಗೊಳಿಸುವ ಪುಟ್ಟ ತಂತ್ರಾಂಶವೊಂದನ್ನು ಹಿಂದಿನ ಸ್ವಯಂಸೇವಕರು ಪೈಥಾನ್ 2ರಲ್ಲಿ ಬರೆದಿಟ್ಟಿದ್ದರು. ಅದನ್ನು ಹೊಸ ಗಣಕಕ್ಕೆ ವರ್ಗಾಯಿಸಿದಾಗ, ಮೊದಲ ‘ಪ್ರಿಂಟ್’ ಆದೇಶದಲ್ಲಿಯೇ ದೋಷವೆಂದು ನಿಂತುಬಿಟ್ಟಿತು. ಕಾರಣವನ್ನು ಅರಸಿ ಹೊರಟ ನಮಗೆ ಮೂರು ದಶಕಗಳ ಇತಿಹಾಸವೇ ಎದುರಾಯಿತು.

ಆಮ್‌ಸ್ಟರ್‌ಡ್ಯಾಮಿನ ಗಣಿತ–ಗಣಕ ಸಂಶೋಧನಾ ಸಂಸ್ಥೆಯೊಂದರಲ್ಲಿದ್ದ ಗೀಡೊ ವಾನ್ ರಾಸಮ್ ಅವರು 1989ರ ಕ್ರಿಸ್‌ಮಸ್ ರಜೆಯಲ್ಲಿ ಪೈಥಾನ್ ಭಾಷೆಯನ್ನು ರೂಪಿಸತೊಡಗಿದರು. 1991ರಲ್ಲಿ ಅದು ಹೊರಬಂದಿತು. 2000ದಲ್ಲಿ ಎರಡನೆಯ ಆವೃತ್ತಿ ಬಂದಿತು.

ಆ ಆವೃತ್ತಿಯಲ್ಲಿ ಯೂನಿಕೋಡ್ ಇತ್ತಾದರೂ ಅದನ್ನು ಬೇರೆಯಾಗಿ ಕೇಳಿ ಪಡೆಯಬೇಕಿತ್ತು. ಸಾಮಾನ್ಯ ಪಠ್ಯವೆಂದರೆ ಬರಿಯ ಬೈಟುಗಳ ಸಾಲು. ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದು ಕನ್ನಡ ಸಂಕೇತಕ್ಕೂ ಮೂರು ಬೈಟು ಬೇಕು. ‘ಕನ್ನಡ’ ಎಂಬ ಪದದಲ್ಲಿರುವ 5 ಸಂಕೇತಗಳನ್ನು ಪೈಥಾನ್ 2 ಹದಿನೈದೆಂದು ಎಣಿಸುತ್ತಿತ್ತು. ನಮ್ಮ ಪಟ್ಟಿಯಲ್ಲಿ ಹೆಸರಿಗೆ 30ರ ಮಿತಿಯಿತ್ತು. ‘ವೆಂಕಟಲಕ್ಷ್ಮಿ’ಗೆ 36 ಬೈಟು ಬೇಕಾದುದರಿಂದ ಆ ಹೆಸರು ಕೊನೆಯಲ್ಲಿ ತುಂಡಾಗುತ್ತಿತ್ತು!

2008ರ ಡಿಸೆಂಬರಿನಲ್ಲಿ ಬಂದ ಪೈಥಾನ್ 3 ಯೂನಿಕೋಡನ್ನೇ ಸಹಜ ಪಠ್ಯವಾಗಿಸಿತು. ಆದರೆ ಹಳೆಯ ಬರವಣಿಗೆ ಅದರಲ್ಲಿ ಹಾಗೆಯೇ ನಡೆಯದಾಯಿತು. ಹಳೆಯದನ್ನು ಕಿತ್ತುಹಾಕುವಂತೆಯೂ ಇರಲಿಲ್ಲ. ರೆಡ್ ಹ್ಯಾಟ್ ಲಿನಕ್ಸಿನ ‘ಯಮ್’ ಸಾಧನದಂತಹವು ಅದನ್ನೇ ಅವಲಂಬಿಸಿದ್ದವು. ಹೀಗಾಗಿ ಹತ್ತು ವರ್ಷಗಳಿಗೂ ಮಿಕ್ಕು ಇವೆರಡೂ ಒಂದೇ ಸೂರಿನಡಿ ಬಾಳಬೇಕಾಯಿತು.

ಈ ಸಹಬಾಳ್ವೆಗೆ ಉಪಾಯಗಳೂ ಹುಟ್ಟಿದವು. 2007ರಲ್ಲಿ ಇಯಾನ್ ಬಿಕಿಂಗ್ ರಚಿಸಿದ ‘ವರ್ಚುಯಲ್‌ಎನ್ವ್’ ಪ್ರತಿ ಯೋಜನೆಯ ಗ್ರಂಥಾಲಯಗಳನ್ನು ಬೇರ್ಪಡಿಸಿತು. 2012ರ ಪೈಥಾನ್ 3.3ರಲ್ಲಿ ಅಂತಹುದೇ ‘ವೆನ್ವ್’ ಸೇರಿತು. ರೂಬಿ ಭಾಷೆಯ ‘ಆರ್‌ಬಿಎನ್ವ್’ನಿಂದ ಕವಲೊಡೆದ ‘ಪೈಎನ್ವ್’ ಆವೃತ್ತಿಗಳನ್ನೇ ಬೇರ್ಪಡಿಸಿತು. ಅದು ಬಾಗಿಲಲ್ಲಿ ನಿಂತ ದ್ವಾರಪಾಲಕನಂತೆ. ‘ಪೈಥಾನ್’ ಎಂದು ಕರೆದೊಡನೆ, ಆ ಕಡತಕೋಶದಲ್ಲಿ ಬರೆದಿಟ್ಟ ಆವೃತ್ತಿಯ ಸಂಖ್ಯೆಯನ್ನು ನೋಡಿ ತಕ್ಕ ಪೈಥಾನಿಗೆ ಕೆಲಸ ಒಪ್ಪಿಸುತ್ತದೆ.

2015ಕ್ಕೆ ನಿಗದಿಯಾಗಿದ್ದ ಪೈಥಾನ್ 2ರ ನಿವೃತ್ತಿ 2020ರ ಜನವರಿ 1ಕ್ಕೆ ಮುಂದೂಡಲ್ಪಟ್ಟಿತು. ಅದೇ ಏಪ್ರಿಲ್‌ನಲ್ಲಿ ಬಂದ 2.7.18 ಅದರ ಕಟ್ಟಕಡೆಯ ಆವೃತ್ತಿ.

ನಾವು ಪೈಎನ್ವ್ ನೆರವಿನಿಂದ ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ನಡೆಸಿ, ಎರಡೂ ಪಟ್ಟಿಗಳನ್ನು ಸಾಲುಸಾಲಾಗಿ ಹೋಲಿಸಿದ ಬಳಿಕವೇ ಹಳೆಯದನ್ನು ಬೀಳ್ಕೊಟ್ಟೆವು. ಸ್ವಯಂಸೇವಕರು ಊರು ಬದಲಿಸುತ್ತಾರೆ, ಗಣಕಗಳೂ ಬದಲಾಗುತ್ತವೆ. ಆದುದರಿಂದ ಯಾವ ಆವೃತ್ತಿಯಲ್ಲಿ ಬರೆದೆವೆಂಬುದನ್ನು ಈ ಬಾರಿ ಮೊದಲ ಸಾಲಿನಲ್ಲಿಯೇ ದಾಖಲಿಸಿದ್ದೇವೆ. ಈ ವರ್ಷದ ಪಟ್ಟಿಯಲ್ಲಿ ವೆಂಕಟಲಕ್ಷ್ಮಿಯವರ ಹೆಸರು ಪೂರ್ಣವಾಗಿದೆ.