ರಾಗಿ ತಳಿ ಮಾಡಿದವರು ಯಾರು?

ಬೆಂಗಳೂರಿಗೆ ಬಂದಾಗ ಮಾರ್ಕೆಟ್ಟಿನ ಕಡೆಯಿಂದ ಅವೆನ್ಯೂ ರಸ್ತೆಗೆ ಕಾಲಿಟ್ಟಿದ್ದೀರಲ್ಲವೆ? ಅದು ಹಿಂದಿನ ದೊಡ್ಡಪೇಟೆ. ಆಚೀಚೆ ಅಕ್ಕಿಪೇಟೆ, ರಾಗಿಪೇಟೆ, ತರಗುಪೇಟೆ. ಪೇಟೆಯವರಿಗೆ ಬೇಕಾದದ್ದು ಧಾರಣೆಯ ಮಾತು. ಬೀಜದ ಮಾತು ನಮ್ಮ ಹಳ್ಳಿಯ ಕಣದಲ್ಲೇ ಮುಗಿಯುತ್ತಿತ್ತು.

ಹೇಗೆ ಅಂತೀರಾ? ಒಕ್ಕಣೆಗೆ ಮುಂಚೆ ಮನೆಯವರು ತುಂಬಿದ ತೆನೆಗಳನ್ನು ಆರಿಸಿ ಬೇರೆ ಇಡುತ್ತಿದ್ದರು. ರಾಗಿಯ ಹೂವು ಬಹುಮಟ್ಟಿಗೆ ತನ್ನ ಪರಾಗದಿಂದಲೇ ಕಾಳು ಕಟ್ಟುತ್ತೆ. ಆದ್ದರಿಂದ ಆರಿಸಿದ ತೆನೆಯ ಗುಣ ಮುಂದಿನ ವರ್ಷವೂ ಉಳಿಯುತ್ತೆ. ಹಸಿರುಕಂಬಿ, ಕರಿಗಿಡ್ಡ, ಮಾಡಯ್ಯನಗಿರಿ ಇವೆಲ್ಲ ಹಾಗೆ ನಿಂತ ತಳಿಗಳು. ಮಾಡಿದವರ ಹೆಸರು ಯಾವ ದಫ್ತರದಲ್ಲೂ ಇಲ್ಲ.

1899ರಲ್ಲಿ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ಹೆಬ್ಬಾಳದಲ್ಲಿ 30 ಎಕರೆ ಕೊಟ್ಟರು. ಲೆಹ್ಮನ್, ಆಮೇಲೆ ಕೆನಡಾದ ಕೋಲ್‌ಮನ್ ಬಂದರು. 1918ರಲ್ಲಿ ಎಚ್-22 ರಾಗಿ ಹೊರಬಂತು. ಅದೇನು ಶೂನ್ಯದಿಂದ ಹುಟ್ಟಿದ್ದಲ್ಲ, ರೈತರ ರಾಗಿಯಲ್ಲೇ ಆರಿಸಿ ಶುದ್ಧಮಾಡಿದ್ದು. ನನ್ನ ಲೆಕ್ಕದಲ್ಲಿ ಅದರ ಅರ್ಧ ಕೀರ್ತಿ ಹಳ್ಳಿಗೆ ಸಲ್ಲಬೇಕು.

ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದ ಲಕ್ಷ್ಮಣಯ್ಯನವರನ್ನು ಜನ 'ರಾಗಿ ಲಕ್ಷ್ಮಣಯ್ಯ' ಅಂತಲೇ ಕರೆದರು. ಸಾಸಿವೆಗಿಂತ ಸಣ್ಣ ಹೂವನ್ನು ಕೂಡಿಸುವುದು ಹುಡುಗಾಟವೇ! ಅರುಣ, ಉದಯ, ಪೂರ್ಣ, ಅನ್ನಪೂರ್ಣ ಅವರ ಕೈಯಿಂದ ಬಂದವು. ಆಮೇಲೆ ನಮ್ಮ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿ 'ಇಂಡಾಫ್' ಮಾಡಿದರು. ಇಂಡಿಯಾದ ಇಂಡ್, ಆಫ್ರಿಕಾದ ಆಫ್. ರಾಗಿಯ ತವರೇ ಆಫ್ರಿಕಾ. ಅಂದಮೇಲೆ ಅಲ್ಲಿಯ ರೈತನೂ ಇದರಲ್ಲಿ ಪಾಲುದಾರ.

ಆದರೆ ಒಂದು ಮಾತು ಕೇಳಬೇಕು. ಫಾರಂನ ತಕ್ಕಡಿ ಕಾಳನ್ನು ತೂಗುತ್ತೆ. ನಿಮ್ಮ ಮನೆಯಲ್ಲಿ ದನ ಹುಲ್ಲನ್ನು ತೂಗುತ್ತೆ, ಮನೆಯಾಕೆ ಮುದ್ದೆಯನ್ನು ತೂಗುತ್ತಾಳೆ. ಈ ಮೂರನ್ನೂ ತೂಗುವವರು ಆಯ್ಕೆಯ ಹೊತ್ತಿಗೇ ತಾಕಿನಲ್ಲಿರಬೇಡವೆ? ತಳಿ ಮುಗಿದ ಮೇಲೆ ತಂದು ತೋರಿಸಿದರೆ, 'ಬೇಕು' ಅಥವಾ 'ಬೇಡ' ಅನ್ನುವುದಷ್ಟೇ ರೈತನಿಗೆ ಉಳಿಯೋದು. ನೇಪಾಳದ ಗುಡ್ಡದ ಹಳ್ಳಿಗಳಲ್ಲಿ 1990ರ ದಶಕದಲ್ಲಿ ಬೇರೆ ರೀತಿ ಮಾಡಿದರು. ಇನ್ನೂ ಸ್ಥಿರವಾಗದ ಭತ್ತದ ಸಾಲುಗಳನ್ನೇ ರೈತರ ಕೈಗೆ ಕೊಟ್ಟರು. ಚಳಿ ತಡೆಯುವ 'ಮಚ್ಛಾಪುಚ್ಛ್ರೆ-3' ಹಾಗೆ ಬಂತು.

ನಮ್ಮಲ್ಲಿ 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ ಬಂದಿದೆ. ರೈತ ತಾನು ಬೆಳೆಸಿದ ತಳಿಯನ್ನು ತನ್ನ ಹೆಸರಿಗೇ ನೋಂದಾಯಿಸಬಹುದು. ಬೀಜ ಇಟ್ಟುಕೊಳ್ಳಬಹುದು, ನೆರೆಯವರಿಗೆ ಕೊಡಬಹುದು. ಕಂಪನಿಯ ಚೀಟಿ ಹಚ್ಚದೆ ಮಾರಲೂಬಹುದು. ನಿಮ್ಮ ಹೊಲದಲ್ಲಿ ವಿಶೇಷ ತೆನೆ ಕಂಡರೆ ಒಕ್ಕುವ ಮೊದಲು ಬೇರೆ ಕಟ್ಟಿಡಿ, ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ತೋರಿಸಿ.