ಸದ್ದಿಲ್ಲದ ಅಡೆಗಲ್ಲು

ತುಂಬ ದಿನ ಆಯ್ತು ಏನೂ ಬರೆಯದೆ. ಆಫೀಸಿನಲ್ಲಿ ರಿಲೀಸ್ ಇತ್ತು ಅಂತ ನೆಪ ಹೇಳಬಹುದು. ಆದರೆ ನಿಜ ಏನಂದ್ರೆ ಕಳೆದ ಆರು ತಿಂಗಳಿಂದ ವಾರಾಂತ್ಯಗಳನ್ನೆಲ್ಲ ಒಂದು ಕಬ್ಬಿಣದ ದಿಮ್ಮಿ ಹುಡುಕುವುದರಲ್ಲೇ ಕಳೆದಿದ್ದೇನೆ :)

ನಾನಿರುವುದು ನ್ಯೂಜೆರ್ಸಿಯಲ್ಲಿ. ಹಗಲೆಲ್ಲ ಕೋಡ್ ಬರೆದು, ಸಂಜೆಯ ಹೊತ್ತಿಗೆ ಕೈಯಲ್ಲಿ ಮುಟ್ಟಿ ನೋಡೋಕೆ ಏನೂ ಇರೋದಿಲ್ಲವಲ್ಲ ಅನ್ನೋ ಬೇಜಾರಿಗೆ ಇಲ್ಲೇ ಹತ್ತಿರದಲ್ಲಿ ಕಮ್ಮಾರಿಕೆ ಕಲಿಸುವ ತರಗತಿಗೆ ಸೇರಿದೆ. ಇನ್ನೊಂದು ಕಾರಣವೂ ಇದೆ. ನಮ್ಮ ತಾತ ಕಮ್ಮಾರ. ತುಮಕೂರು ಜಿಲ್ಲೆಯ ಒಂದು ಸಣ್ಣ ಊರಿನಲ್ಲಿ ಅವರ ಕುಲುಮೆ ಇತ್ತು. ಊರವರೆಲ್ಲ ಅವರನ್ನು 'ಆಚಾರ್ರು' ಅಂತಿದ್ರು. ಬೇಸಿಗೆ ರಜದಲ್ಲಿ ತಿದಿ ಒತ್ತುವ ಕೆಲಸ ನಂದು. ಅಪ್ಪ ಐಟಿಐ ಮಾಡಿ ಫ್ಯಾಕ್ಟರಿ ಸೇರಿದರು, ನಾನು ಎಂಜಿನಿಯರಿಂಗ್ ಮಾಡಿ ಕಂಪ್ಯೂಟರ್ ಮುಂದೆ ಕೂತೆ. 2009ರಲ್ಲಿ ತಾತ ಹೋದರು. ಅದೇ ವರ್ಷ ಅವರ ಅಡೆಗಲ್ಲು, ಇಕ್ಕಳ, ಸುತ್ತಿಗೆಗಳೆಲ್ಲ ಗುಜರಿಗೆ ಹೋದವು, ಕೆಜಿ ಲೆಕ್ಕದಲ್ಲಿ.

ಈಗ ನನಗೊಂದು ಅಡೆಗಲ್ಲು ಬೇಕಾಯ್ತು.

ಮೊದಲ ಸಲ ಆನ್‌ಲೈನಿನಲ್ಲಿ ಕೊಂಡೆ. ನೀಲಿ ಬಣ್ಣ, ಐವತ್ತೈದು ಪೌಂಡು, ನೂರಿಪ್ಪತ್ತು ಡಾಲರು. ನೋಡೋಕೆ ಕಾರ್ಟೂನಿನಲ್ಲಿ ಬರುವ ಅಡೆಗಲ್ಲಿನ ಥರಾನೇ, ಒಂದು ಕಡೆ ಕೊಂಬು, ಇನ್ನೊಂದು ಕಡೆ ಬಾಲ. ಎರಡನೇ ವಾರಕ್ಕೆ ಅಂಚಿನಿಂದ ಒಂದು ಚೂರು ಬಿಸ್ಕತ್ತಿನ ಹಾಗೆ ಮುರಿದು ಬಿತ್ತು. ಸುತ್ತಿಗೆ ತಪ್ಪಿ ಬಿದ್ದಲ್ಲೆಲ್ಲ ಗುಳಿ. ಅದು ಬರೀ ಎರಕದ ಕಬ್ಬಿಣ! ಹೆಂಡತಿ ನೋಡಿ, "ರೀ, ಬಾಗಿಲಿಗೆ ಅಡ್ಡ ಇಡೋಕೆ ಚೆನ್ನಾಗಿದೆ" ಅಂದಳು. ಈಗಲೂ ಗ್ಯಾರೇಜಿನ ಬಾಗಿಲಿಗೇ ಇದೆ.

ಮೋಸ ಹೋದ ಮೇಲೆ ಓದೋಕೆ ಶುರು ಮಾಡಿದೆ. ಇದನ್ನು ಮೊದಲೇ ಮಾಡಬೇಕಿತ್ತು ಅನ್ನಬೇಡಿ, ಮ್ಯಾನ್ಯುಯಲ್ ಓದದೇ ಇನ್‌ಸ್ಟಾಲ್ ಮಾಡೋದು ನಮ್ಮ ಜಾತಿಯ ಗುಣ. ರಿಚರ್ಡ್ ಪೋಸ್ಟ್‌ಮನ್ ಎಂಬುವರು 1998ರಲ್ಲಿ 'ಆನ್ವಿಲ್ಸ್ ಇನ್ ಅಮೆರಿಕ' ಅನ್ನೋ ದಪ್ಪ ಪುಸ್ತಕವನ್ನೇ ಬರೆದಿದ್ದಾರೆ. ಬರೀ ಅಡೆಗಲ್ಲುಗಳ ಬಗ್ಗೆ!

ಅಮೆರಿಕದಲ್ಲಿ ಬಹಳ ಕಾಲ ಒಳ್ಳೆಯ ಅಡೆಗಲ್ಲು ಅಂದರೆ ಇಂಗ್ಲೆಂಡಿನದು. ಶೆಫೀಲ್ಡಿನ ರಿವೆಲಿನ್ ನದಿ ದಡದಲ್ಲಿದ್ದ ಮೌಸ್‌ಹೋಲ್ ಫೋರ್ಜ್, ಡಡ್ಲಿಯ ಪೀಟರ್ ರೈಟ್, ಇವು ಹೆಸರಾಂತ ತಯಾರಕರು. 'ಇಲಿಬಿಲ' ಅಂತ ಹೆಸರಿಟ್ಟುಕೊಂಡು ಹಡಗು ತುಂಬ ಅಡೆಗಲ್ಲು ಮಾರಿದ್ದಾರೆ ನೋಡಿ! ಮೆದು ಕಬ್ಬಿಣದ ತುಂಡುಗಳನ್ನು ಕೆಂಡದಲ್ಲಿ ಬಿಳಿ ಬಿಸಿ ಮಾಡಿ, ಹಲವರು ಸೇರಿ ದೊಡ್ಡ ಸುತ್ತಿಗೆಗಳಿಂದ ಬಡಿದು ಬೆಸೆದು ಒಂದು ಮುದ್ದೆ ಮಾಡುತ್ತಿದ್ದರು. ಅಷ್ಟು ಭಾರದ ಕಾದ ಕಬ್ಬಿಣವನ್ನು ಇಕ್ಕಳದಲ್ಲಿ ಹಿಡಿಯೋಕಾಗಲ್ಲ. ಅದಕ್ಕೇ ಸೊಂಟದಲ್ಲಿ, ತಳದಲ್ಲಿ ಚೌಕಾಕಾರದ ತೂತು ಮಾಡಿ ಸರಳು ಸಿಕ್ಕಿಸಿ ಎತ್ತುತ್ತಿದ್ದರು. ಆ ತೂತುಗಳು ಇವತ್ತಿಗೂ ಕಾಣುತ್ತವೆ, ಬಡಿದು ಮಾಡಿದ್ದು ಅನ್ನೋದಕ್ಕೆ ಗುರುತು.

ಮೆದು ಕಬ್ಬಿಣದ ಮೈಯಷ್ಟೇ ಇದ್ದರೆ ಪೆಟ್ಟು ತಡೆಯಲ್ಲ. ಹಾಗಾಗಿ ಮೇಲೆ ಉಕ್ಕಿನ ಹಲಗೆ ಬೆಸೆಯುತ್ತಿದ್ದರು. ಆಮೇಲೆ ಹದ ಹಾಕುವುದು. ಕಾದ ಅಡೆಗಲ್ಲನ್ನು ಸುಮ್ಮನೆ ತೊಟ್ಟಿಯಲ್ಲಿ ಮುಳುಗಿಸಿದರೆ ಸುತ್ತ ಆವಿಯ ಪದರ ಕಟ್ಟಿಕೊಂಡು ನೀರು ತಾಗುವುದೇ ಇಲ್ಲ. ಆದ್ದರಿಂದ ಮೇಲಿಂದ ರಭಸವಾಗಿ ನೀರು ಸುರಿಸಿ ಮುಖವನ್ನು ಗಟ್ಟಿ ಮಾಡುತ್ತಿದ್ದರು. ನಾವು ಕೊಳ್ಳುವುದು ಈ ಗಟ್ಟಿ ಪದರಕ್ಕೆ, ಉಳಿದದ್ದೆಲ್ಲ ಅದನ್ನು ಹೊರುವ ಭಾರ. ಯಾರಾದರೂ 'ಮುಖ ಗ್ರೈಂಡ್ ಮಾಡಿ ಫಳಫಳ ಮಾಡಿದ್ದೀನಿ' ಅಂದರೆ ಅನುಮಾನಿಸಿ. ಹೊಳಪು ಬಂದಿರುವುದು ಆ ಪದರವನ್ನು ತಿಂದೇ.

ತೂಕದ ವಿಷಯದಲ್ಲಿ ಇನ್ನೊಂದು ಮಜಾ ಇದೆ. ಒಂದು ಜಾಹೀರಾತಿನಲ್ಲಿ ಹಳೆಯ ಇಂಗ್ಲಿಷ್ ಅಡೆಗಲ್ಲಿನ ಮೈಮೇಲೆ 1·2·10 ಅಂತ ಇತ್ತು. ಮಾರುವಾತ 'ಬಹುಶಃ 1,210 ಪೌಂಡ್' ಅಂತ ಬರೆದಿದ್ದ! ಅದು ಮೂರು ಬೇರೆ ಬೇರೆ ಅಳತೆ. ಮೊದಲನೆಯದು ಹಂಡ್ರೆಡ್‌ವೇಟ್, ಹೆಸರಿಗೆ ನೂರು, ನಿಜವಾಗಿ 112 ಪೌಂಡು. ಎರಡನೆಯದು ಅದರ ಕಾಲು ಭಾಗ, ಅಂದರೆ 28. ಮೂರನೆಯದು ಬಿಡಿ ಪೌಂಡು. 112 + 56 + 10, ಒಟ್ಟು 178 ಪೌಂಡು. ನಡುವಿನ ಅಂಕಿ 3ನ್ನು ದಾಟಲ್ಲ, ಕೊನೆಯದು 27ನ್ನು ದಾಟಲ್ಲ. ಸೇರು-ಮಣದ ಲೆಕ್ಕ ಹೇಳುತ್ತಿದ್ದ ನಮ್ಮಜ್ಜಿಗೆ ಇದು ತಕ್ಷಣ ಅರ್ಥವಾಗುತ್ತಿತ್ತು. ಇನ್ನು 'ಇಂಗ್ಲೆಂಡ್' ಅಂತ ಅಚ್ಚು ಇದ್ದರೆ ಸಾಮಾನ್ಯವಾಗಿ ಅದು 1890ರ ನಂತರದ್ದು, ಆ ವರ್ಷದ ಮೆಕಿನ್ಲಿ ಸುಂಕದ ಕಾಯಿದೆ ಆಮದು ಸರಕಿನ ಮೇಲೆ ದೇಶದ ಹೆಸರು ಇರಲೇಬೇಕು ಅಂತ ಹೇಳಿತು.

ಅಮೆರಿಕದವರು ಸುಮ್ಮನೆ ಕೂರಲಿಲ್ಲ. ಮಾರ್ಕ್ ಫಿಶರ್ ಎಂಬಾತ ಬೇರೆಯದೇ ದಾರಿ ಹಿಡಿದ. ಅಚ್ಚಿನ ತಳದಲ್ಲಿ ಉಕ್ಕಿನ ಹಲಗೆ ಇಟ್ಟು, ಅದರ ಮೇಲೆ ಕರಗಿದ ಕಬ್ಬಿಣ ಎರೆದು, ಎರಡೂ ಬೆಸೆದುಕೊಳ್ಳುವಂತೆ ಮಾಡಿದ. ಇದಕ್ಕೆ 1847ರಲ್ಲಿ ಪೇಟೆಂಟ್ ಸಿಕ್ಕಿತು. ಫಿಶರ್ ಅಂಡ್ ನಾರಿಸ್ ಕಂಪನಿಯ ಈಗಲ್ ಅಡೆಗಲ್ಲುಗಳು ತಯಾರಾಗಿದ್ದು ನಮ್ಮ ಟ್ರೆಂಟನ್‌ನಲ್ಲಿ, ನನ್ನ ಮನೆಯಿಂದ ಮೂವತ್ತು ಮೈಲಿ. ಮುಂದೆ ಬ್ರೂಕ್ಲಿನ್‌ನಲ್ಲಿ ಹೇ-ಬಡನ್ ಬಂತು. 'ಟ್ರೆಂಟನ್' ಅನ್ನೋ ಬ್ರಾಂಡೂ ಬಂತು, ಆದರೆ ಅದರ ಬಹುಪಾಲು ತಯಾರಾಗಿದ್ದು ಒಹಾಯೋದ ಕೊಲಂಬಸ್‌ನಲ್ಲಿ! ಮೈಸೂರು ಪಾಕ್ ಬೆಂಗಳೂರಿನಲ್ಲಿ ಮಾಡಿದ ಹಾಗೆ. 1908ರಲ್ಲಿ ಫೋರ್ಡ್ ಮಾಡೆಲ್ ಟಿ ಬಂದ ಮೇಲೆ ಕುದುರೆ ಲಾಳ, ಗಾಡಿ ಚಕ್ರಗಳ ಕೆಲಸ ಕರಗುತ್ತಾ ಹೋಯಿತು. 1920ರ ದಶಕದಲ್ಲಿ ಹೇ-ಬಡನ್ ಮುಚ್ಚಿತು, 1933ರಲ್ಲಿ ಮೌಸ್‌ಹೋಲ್. ನಮ್ಮೂರಿಗೆ ಟ್ರಾಕ್ಟರ್ ಬಂದ ಮೇಲೆ ತಾತನ ಹತ್ತಿರ ನೇಗಿಲ ಗುಳ ತರುವವರು ಕಮ್ಮಿಯಾದ ಹಾಗೆ.

ಕೊನೆಗೆ ಕಳೆದ ತಿಂಗಳು ಪೆನ್ಸಿಲ್ವೇನಿಯಾದ ಒಂದು ತೋಟದ ಕೊಟ್ಟಿಗೆಯಲ್ಲಿ ಎರಡು ಅಡೆಗಲ್ಲು ನೋಡಿದೆ. ಒಂದರ ಮೇಲೆ ಟ್ರೆಂಟನ್ ಅಂತ ಹೆಸರು. ಇನ್ನೊಂದರ ಮೈಮೇಲೆ ಉಬ್ಬಿದ ಹದ್ದು, ಕಾಲಿನ ಮೇಲೆ 15 ಅಂತ ಅಂಕಿ (ಫಿಶರ್‌ನಲ್ಲಿ ಇದನ್ನು ಹತ್ತರಿಂದ ಗುಣಿಸಬೇಕು, 150 ಪೌಂಡು). ಸಣ್ಣ ಸುತ್ತಿಗೆಯಿಂದ ಟ್ರೆಂಟನ್ ಮೇಲೆ ತಟ್ಟಿದೆ. ಠಣ್! ದೇವಸ್ಥಾನದ ಗಂಟೆ ಥರ. ಹದ್ದಿನ ಮೇಲೆ ತಟ್ಟಿದೆ. ಟಕ್. ಮರದ ಕೊರಡು.

ಸಂತೆಯಲ್ಲಿ ಮಡಕೆ ತಟ್ಟಿ ನೋಡಿ ಕೊಳ್ಳುವ ಜನ ನಾವು, ನನ್ನ ಮನಸ್ಸು ಆಗಲೇ ಠಣ್ ಅಂದಿದ್ದರ ಕಡೆ ವಾಲಿತ್ತು. ಆದರೂ ಜೇಬಿನಲ್ಲಿ ಒಂದು ಇಂಚಿನ ಬೇರಿಂಗ್ ಗುಂಡು ಇತ್ತು. ಸ್ಕೇಲ್ ನಿಲ್ಲಿಸಿ ಹತ್ತು ಇಂಚಿನಿಂದ ಬಿಟ್ಟೆ. ಟ್ರೆಂಟನ್ ಮೇಲೆ ಗುಂಡು ಮೂರು ಇಂಚು ಎದ್ದು ಮಲಗಿತು. ಬೇರೆ ಬೇರೆ ಕಡೆ ಬಿಟ್ಟೆ, ಎಲ್ಲ ಕಡೆ ಅಷ್ಟೇ. ಅರ ಆಡಿಸಿದರೆ ಸಲೀಸಾಗಿ ಕಚ್ಚಿತು. ವಿಚಾರಿಸಿದರೆ ಹಳೆಯ ಕೊಟ್ಟಿಗೆಗೆ ಬೆಂಕಿ ಬಿದ್ದಾಗ ಇದು ಒಳಗೇ ಇತ್ತಂತೆ! ಬೆಂಕಿಯಲ್ಲಿ ಕಾದು ನಿಧಾನಕ್ಕೆ ಆರಿದರೆ ಹಾಕಿದ ಹದವೆಲ್ಲ ಹೋಗುತ್ತದೆ. ಹದ ಹೋದರೂ ದನಿ ಹೋಗಲ್ಲ. ಹದ್ದಿನ ಮೇಲೆ ಬಿಟ್ಟೆ, ಗುಂಡು ಏಳೂವರೆ ಇಂಚು ಎದ್ದಿತು. ಅರ ಜಾರಿಹೋಯಿತು. ಫಿಶರ್‌ನ ಮೈ ಎರಕದ ಕಬ್ಬಿಣ, ಅದರೊಳಗಿನ ಗ್ರಾಫೈಟ್ ಎಳೆಗಳು ಕಂಪನವನ್ನು ನುಂಗಿಬಿಡುತ್ತವೆ, ಹಾಗಾಗಿ ಅದು ಹಾಡುವುದಿಲ್ಲ. ಲೇತ್ ಮಷೀನಿನ ತಳವನ್ನು ಎರಕದಲ್ಲಿ ಮಾಡುವುದೂ ಇದೇ ಗುಣಕ್ಕೆ. ನನ್ನ ನೀಲಿ ಅಡೆಗಲ್ಲೂ ಎರಕವೇ, ಆದರೆ ಅದರ ಮೇಲೆ ಉಕ್ಕಿನ ಮುಖ ಇರಲಿಲ್ಲ, ವ್ಯತ್ಯಾಸ ಅಷ್ಟೇ.

ಹಾಗಂತ ದನಿ ಕೇಳುವುದು ದಂಡ ಅಲ್ಲ. ಬಡಿದು ಮಾಡಿದ ಅಡೆಗಲ್ಲಿನ ಉದ್ದಕ್ಕೂ ತಟ್ಟುತ್ತಾ ಹೋಗುವಾಗ ಒಂದು ಕಡೆ ಮಾತ್ರ ದನಿ ಕಂತಿದರೆ ಅಲ್ಲಿ ಹಲಗೆ ಬಿಟ್ಟುಕೊಂಡಿರಬಹುದು. ಯಾವ ಜಾತಿಯ ಅಡೆಗಲ್ಲು ಅಂತ ತಿಳಿದುಕೊಂಡು ತಟ್ಟಬೇಕು, ಅಷ್ಟೇ. ನಾನೂರೈವತ್ತು ಡಾಲರ್ ಕೊಟ್ಟು ಹದ್ದನ್ನು ಮನೆಗೆ ತಂದೆ. ಕಾರಿನಿಂದ ಇಳಿಸುವಾಗ ಬೆನ್ನು ಹಿಡಿದುಕೊಂಡಿತು, ಅದು ಬೇರೆ ಕಥೆ.

ರಾತ್ರಿ ಅಪ್ಪನಿಗೆ ಫೋನ್ ಮಾಡಿ ಈ ಗುಂಡಿನ ಪರೀಕ್ಷೆಯನ್ನು ದೊಡ್ಡ ಸಂಶೋಧನೆಯ ಥರ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಅಪ್ಪ ಹೇಳಿದರು: "ನಿಮ್ಮ ತಾತ ಗುಂಡು ಗಿಂಡು ಬಿಡ್ತಿರಲಿಲ್ಲ ಕಣೋ. ಸುತ್ತಿಗೆ ಸಡಿಲವಾಗಿ ಹಿಡಿದು ಸುಮ್ನೆ ಬೀಳಿಸೋರು. ಅದು ತಾನಾಗೇ ಕೈಗೆ ವಾಪಸ್ ಬರಬೇಕು, ಬರಲಿಲ್ಲ ಅಂದ್ರೆ ದಿನವೆಲ್ಲಾ ನಾವೇ ಎತ್ತಬೇಕಾಗುತ್ತೆ ಅನ್ನೋರು."

ಮನೆಯಲ್ಲೇ ಇದ್ದ ಮಾತು. ನಾನು ನೂರಿಪ್ಪತ್ತು ಡಾಲರ್ ಕಳೆದುಕೊಂಡು ಕಲಿತೆ. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಆಮೇಲೆ ಅಪ್ಪ, "ಆ ಅಡೆಗಲ್ಲನ್ನ ಗುಜರಿಗೆ ಹಾಕಬಾರದಿತ್ತು" ಅಂದರು. ಇಷ್ಟು ವರ್ಷದಲ್ಲಿ ಅವರು ಆ ಮಾತು ಹೇಳಿದ್ದು ಅದೇ ಮೊದಲು.

ತಾತನದು ಕೊಂಬು ಬಾಲ ಏನೂ ಇಲ್ಲದ ಚೌಕದ ದಿಮ್ಮಿ. ನೆಲದಲ್ಲಿ ಹೂತ ಮರದ ತುಂಡಿಗೆ ಅದನ್ನು ಕೂರಿಸಿ, ಎದುರಿಗೆ ಕುಕ್ಕರುಗಾಲಲ್ಲಿ ಕೂತು ಕೆಲಸ ಮಾಡುತ್ತಿದ್ದರು. ಅದರ ಮೇಲೆ ಯಾವ ಕಂಪನಿಯ ಹೆಸರೂ ಇರಲಿಲ್ಲ. ಆಯುಧ ಪೂಜೆಯ ದಿನ ಮಾತ್ರ ಅದಕ್ಕೆ ವಿಭೂತಿ, ಕುಂಕುಮ, ಒಂದು ನಿಂಬೆಹಣ್ಣು. ಈ ಸಲದ ಪೂಜೆಗೆ ಲ್ಯಾಪ್‌ಟಾಪ್ ಜೊತೆಗೆ ಹದ್ದಿಗೂ ಕುಂಕುಮ ಇಡುವ ಯೋಚನೆ ಇದೆ.

ನಿಮ್ಮೂರಲ್ಲಿ ಇನ್ನೂ ಕುಲುಮೆ ಇದೆಯಾ? ಇದ್ದರೆ ಮುಂದಿನ ಸಲ ಹೋದಾಗ ಅಲ್ಲಿನ ಅಡೆಗಲ್ಲು ಎಲ್ಲಿಂದ ಬಂತು ಅಂತ ಒಂದು ಮಾತು ಕೇಳಿ, ನನಗೂ ತಿಳಿಸಿ. ಕೇಳೋಕೆ ಜನ ಇರುವಾಗಲೇ ಕೇಳಿಬಿಡಿ.