ಸಮಯ-ವೇಗ-ದೂರ ರ‍್ಯಾಲಿ

ಸಮಯ-ವೇಗ-ದೂರ ರ‍್ಯಾಲಿ ಅಥವಾ ಟಿ.ಎಸ್.ಡಿ. ರ‍್ಯಾಲಿ ಎಂಬುದು ನಿಗದಿತ ಸರಾಸರಿ ವೇಗವನ್ನು ದೀರ್ಘ ದಾರಿಯುದ್ದಕ್ಕೂ ಕಾಯ್ದುಕೊಳ್ಳುವ ಕಾರು ಸ್ಪರ್ಧೆ. ತಪಾಸಣಾ ಕೇಂದ್ರವನ್ನು ಬೇಗ ತಲುಪಿದರೂ ತಡವಾಗಿ ತಲುಪಿದರೂ ದಂಡಾಂಕ ಬೀಳುತ್ತದೆ. ಬೆಂಗಳೂರಿನಿಂದ ಹೊರಟು ಚಿತ್ರದುರ್ಗದ ಮಾರ್ಗವಾಗಿ ಸಾಗಿದ ದಕ್ಷಿಣ್ ಡೇರ್ ರ‍್ಯಾಲಿಯ ಎಂಡ್ಯೂರೆನ್ಸ್ ವಿಭಾಗ ಈ ಪದ್ಧತಿಯಲ್ಲೇ ನಡೆಯುತ್ತಿತ್ತು.

ಕಡಿಮೆ ವೆಚ್ಚದಲ್ಲಿ ಮೋಟಾರು ಕ್ರೀಡೆಯನ್ನು ಆರಂಭಿಸಬಯಸುವ ಗೆಳೆಯರಿಗೆ ಇದು ಅನುಕೂಲಕರ. ಮನೆಬಳಕೆಯ ಕಾರೇ ಸಾಕು. ಒಬ್ಬರು ಚಾಲಕರಾದರೆ ಇನ್ನೊಬ್ಬರು ನ್ಯಾವಿಗೇಟರ್. ಈ ಎರಡನೆಯವರನ್ನು ಬರಿಯ ಪ್ರಯಾಣಿಕರೆಂದು ಭಾವಿಸುವವರುಂಟು. ಆದರೆ ಫಲಿತಾಂಶ ಬಹುಮಟ್ಟಿಗೆ ಅವರ ಲೆಕ್ಕವನ್ನೇ ಅವಲಂಬಿಸಿದೆ. ಗಂಟೆಗೆ 36 ಕಿ.ಮೀ. ವೇಗವೆಂದರೆ ಒಂದು ಕಿ.ಮೀ.ಗೆ 100 ಸೆಕೆಂಡು. ಕುರಿಮಂದೆ ಅಡ್ಡಬಂದು 40 ಸೆಕೆಂಡು ಕಳೆದುಹೋದರೆ, ಮುಂದಿನ 2 ಕಿ.ಮೀ. ದೂರವನ್ನು 200ರ ಬದಲು 160 ಸೆಕೆಂಡಿನಲ್ಲಿ, ಅಂದರೆ ಗಂಟೆಗೆ 45 ಕಿ.ಮೀ. ವೇಗದಲ್ಲಿ ಕ್ರಮಿಸಬೇಕು. ಹೊಸದುರ್ಗ, ಹೊಳಲ್ಕೆರೆ ಕಡೆಯ ರಸ್ತೆಗಳಲ್ಲಿ ಈ ಲೆಕ್ಕವನ್ನು ವೇಗಮಿತಿಯೊಳಗೇ ಅಭ್ಯಾಸ ಮಾಡಬಹುದು.

ಹಿರಿಯೂರಿನ ಹೆದ್ದಾರಿಯಲ್ಲಿ ತಮ್ಮತಮ್ಮಲ್ಲೇ ಪಂದ್ಯ ಕಟ್ಟಿ ಓಡಿಸುವುದು ಮಾತ್ರ ಅಪರಾಧ. ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನ ಪ್ರಕಾರ, ಸರ್ಕಾರದ ಲಿಖಿತ ಸಮ್ಮತಿಯಿಲ್ಲದ ವೇಗಸ್ಪರ್ಧೆಗೆ ಮೊದಲ ಬಾರಿ 3 ತಿಂಗಳವರೆಗೆ ಸೆರೆವಾಸ, 5,000 ರೂ.ವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಅಧಿಕೃತ ಸ್ಪರ್ಧಿಗಳಿಗೆ ಭಾರತೀಯ ಮೋಟಾರು ಕ್ರೀಡಾ ಕ್ಲಬ್‌ಗಳ ಒಕ್ಕೂಟವು ಪರವಾನಗಿ ನೀಡುತ್ತದೆ.